ಎಣ್ಣೆ ಬಗ್ಗೆ ಬರೆದ್ರಿ, ಮರ ಎಲ್ಲಿ ಹೋಯ್ತು?

ಸಂಪಾದಕರೇ,

ಹೋದ ವಾರದ ಪುರವಣೀಲಿ ಆರ್ಗಾನ್ ಎಣ್ಣೆ, ಅಂದ್ರೆ ಮೊರಾಕೊದ ಆರ್ಗಾನ್ ಮರದ ಬೀಜದಿಂದ ತೆಗೆಯೋ ಎಣ್ಣೆ ಬಗ್ಗೆ ಬಂದ ಬರಹ ಓದಿದೆ. ಕೂದಲಿಗೆ ಹಚ್ಚಿ, ಮುಖಕ್ಕೆ ಹಚ್ಚಿ, ವಯಸ್ಸೇ ಕಾಣಲ್ಲ ಅನ್ನೋ ಧಾಟಿ, ಜೊತೆಗೆ ಮರದ ಮೇಲೆ ಹತ್ತಿ ನಿಂತ ಮೇಕೆಗಳ ಫೋಟೋ, ಅದರ ಕೆಳಗೆ 'ಮೇಕೆ ಹಿಕ್ಕೆಯಿಂದ ಆರಿಸಿದ ಬೀಜದ ಎಣ್ಣೆ' ಅಂತ ಒಂದು ಸಾಲು. ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವನು ನಾನು, ಈ ಎಣ್ಣೆ ಮೇಲೆ ಬರೋ ಪೇಪರ್‌ಗಳನ್ನ ಸುಮ್ನೆ ಕುತೂಹಲಕ್ಕೆ ಓದ್ತಾ ಇರ್ತೀನಿ, ಅದಕ್ಕೇ ತಡ್ಕೊಳ್ಳೋಕಾಗ್ಲಿಲ್ಲ.

ಮೊದ್ಲು ಮೇಕೆ ವಿಷ್ಯ. ಅವು ಮರ ಹತ್ತೋದೂ ನಿಜ, ಹಣ್ಣು ತಿನ್ನೋದೂ ನಿಜ. ಆದ್ರೆ ಆ ಗೊರಟೆ ದೊಡ್ಡದು, 2017ರಲ್ಲಿ ಸ್ಪೇನ್‌ನ ಸಂಶೋಧಕರು ತೋರಿಸಿದ್ದು ಏನಂದ್ರೆ ಮೇಕೆಗಳು ಅದನ್ನ ಮೆಲುಕು ಹಾಕೋವಾಗ ಬಾಯಿಂದ ಉಗುಳ್ತವೆ, ಮೇಯೋಕೆ ಹೋದ ಕಡೆಯೆಲ್ಲ ಬೀಜ ಚೆಲ್ಲಿ ಬರ್ತವೆ. ಇನ್ನು ಮೇಕೆ ಬಾಯಿಗೆ ಹೋಗಿಬಂದ ಗೊರಟೆಯಿಂದ ತೆಗೆದ ಎಣ್ಣೆಗೆ ವಾಸನೆ ಇರುತ್ತೆ, ಹಾಗಾಗಿ ಒಳ್ಳೆ ಎಣ್ಣೆ ಮಾಡೋರು ಅದನ್ನ ಬಳಸೋದೇ ಇಲ್ಲ. ಆ ಫೋಟೋಗಳಲ್ಲಿ ಎಷ್ಟೋ ಟೂರಿಸ್ಟ್‌ಗಳಿಗೋಸ್ಕರ ಹತ್ತಿಸಿ ನಿಲ್ಸಿದ್ದು ಅನ್ನೋದು ಬೇರೆ ಮಾತು ಬಿಡಿ.

ಈ ಮರ ನಮ್ಮ ಸಪೋಟದ ಕುಟುಂಬಕ್ಕೇ ಸೇರಿದ್ದು, ಬೆಳೆಯೋದು ಮಾತ್ರ ಹೆಚ್ಚುಕಮ್ಮಿ ಮೊರಾಕೊದ ನೈಋತ್ಯ ಭಾಗದಲ್ಲೇ, ಅಗಾದಿರ್, ಎಸ್ಸವೀರಾ, ತಾರೂದಂತ್ ಆ ಕಡೆ. ಅಲ್ಲಿನ ಅಮಾಜಿಗ್ (ಬರ್ಬರ್ ಅಂತಾರಲ್ಲ, ಆ ಮೂಲನಿವಾಸಿ) ಹೆಂಗಸರು ಗೊರಟೆನ ಒಂದೊಂದಾಗಿ ಕಲ್ಲಿನ ಮೇಲೆ ಇಟ್ಟು ಕುಟ್ಟಿ ತಿರುಳು ಬಿಡಿಸ್ತಾರೆ, ಇದು ಇವತ್ತಿಗೂ ಹೆಚ್ಚಾಗಿ ಕೈಯಲ್ಲೇ ನಡೆಯೋ ಕೆಲ್ಸ. ತಿರುಳು ಹುರಿದು ಹಿಂಡಿದ್ರೆ ತಿನ್ನೋ ಎಣ್ಣೆ, ಹುರಿಯದೆ ಹಿಂಡಿದ್ರೆ ಹಚ್ಕೊಳ್ಳೋ ಎಣ್ಣೆ. ರಬಾತ್‌ನ ಮೊಹಮ್ಮದ್ ಐದನೇ ವಿಶ್ವವಿದ್ಯಾಲಯದ ಕೆಮಿಸ್ಟ್ ಜುಬೈದಾ ಷರೂಫ್ ಈ ಎಣ್ಣೆ ಮೇಲೆ ದಶಕಗಟ್ಟಲೆ ಕೆಲ್ಸ ಮಾಡಿದಾರೆ, ಬರೀ ಲ್ಯಾಬ್‌ನಲ್ಲಿ ಕೂರದೆ 1996ರಲ್ಲಿ ಹೆಂಗಸರ ಸಹಕಾರ ಸಂಘ ಶುರು ಮಾಡ್ಸಿದ್ರು. ಇಡೀ ಬರಹದಲ್ಲಿ ಆಕೆ ಹೆಸರೇ ಇಲ್ಲ ಅನ್ನೋದು ನನಗೆ ತುಂಬ ಬೇಜಾರಾಯ್ತು.

ಎಣ್ಣೇಲಿ ಇರೋದು ಮುಖ್ಯವಾಗಿ ಕೊಬ್ಬಿನ ಆಮ್ಲಗಳು, ಓಲಿಯಿಕ್ ಆಸಿಡ್ ಶೇ 45ರ ಆಸುಪಾಸು, ಲಿನೊಲಿಯಿಕ್ ಶೇ 30ರ ಮೇಲೆ, ಮತ್ತೆ ಗಾಮಾ ಟೋಕೋಫೆರಾಲ್ ಅಂದ್ರೆ ಒಂದು ಥರದ ವಿಟಮಿನ್ ಇ. ನನಗೆ ಮಜಾ ಅನ್ಸೋದು ಸ್ಟೆರಾಲ್‌ಗಳು, ಅಂದ್ರೆ ಗಿಡದೆಣ್ಣೆಗಳಲ್ಲಿ ಸ್ವಲ್ಪ ಪ್ರಮಾಣದಲ್ಲಿ ಇರೋ ಕೊಲೆಸ್ಟೆರಾಲ್ ಥರದ ಪದಾರ್ಥಗಳು. ಬೇರೆ ಎಣ್ಣೆಗಳಲ್ಲಿ ಚೆನ್ನಾಗೇ ಸಿಗೋ ಕ್ಯಾಂಪೆಸ್ಟೆರಾಲ್ ಇದರಲ್ಲಿ ಒಟ್ಟು ಸ್ಟೆರಾಲ್‌ನ ಶೇ 0.4ನ್ನೂ ದಾಟಲ್ಲ, ಹಾಗಾಗಿ ಯಾರಾದ್ರೂ ಸೂರ್ಯಕಾಂತಿ ಎಣ್ಣೆ ಬೆರೆಸಿದ್ರೆ ಆ ಒಂದು ಅಂಕಿಯೇ ಏರಿ ಕಳ್ಳತನ ಹೊರಗೆ ಬೀಳುತ್ತೆ. ಓದುಗರಿಗೆ ಇಂಥದ್ದು ಹೇಳಿ ಸ್ವಾಮಿ!

ಚರ್ಮಕ್ಕೆ ಒಳ್ಳೇದು ಅನ್ನೋಕೆ ಆಧಾರ ಇಲ್ಲ ಅಂತ ನಾನು ಹೇಳಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮುಟ್ಟು ನಿಂತ 60 ಹೆಂಗಸರು 60 ದಿನ ಎಣ್ಣೆ ಬಳಸಿದ ಮೇಲೆ ಚರ್ಮದ ಬಿಗಿ ಸುಧಾರಿಸಿತ್ತು, ಅದರಲ್ಲಿ 30 ಜನ ಆರ್ಗಾನ್ ತಿಂದ್ರು, ಉಳಿದ 30 ಜನ ಆಲಿವ್ ತಿಂದ್ರು, ಕೈಗೆ ಮಾತ್ರ ಎಲ್ಲರೂ ಆರ್ಗಾನ್ನೇ ಹಚ್ಚಿದ್ರು. ಒಳ್ಳೇದೇ, ಆದ್ರೆ ಅರವತ್ತು ಜನ, ಎರಡು ತಿಂಗಳು ಅಷ್ಟೇ. ಇದನ್ನ ಹಿಡ್ಕೊಂಡು ವಯಸ್ಸೇ ಕಾಣಲ್ಲ ಅಂತ ಹೆಡ್ಡಿಂಗ್ ಹಾಕೋದಾ? ಕೂದಲು ಬೆಳೆಯುತ್ತೆ ಅನ್ನೋದಕ್ಕಂತೂ ಇಷ್ಟು ಆಧಾರವೂ ಇಲ್ಲ.

ಈಗ ನಾನು ಬರೆಯೋಕೆ ಕೂತಿದ್ದೇ ಯಾವುದಕ್ಕೋ ಅದು. 1998ರಲ್ಲೇ ಯುನೆಸ್ಕೋ ಆ ಕಾಡನ್ನ ಜೀವಗೋಳ ಮೀಸಲು ಅಂತ ಘೋಷಿಸಿದೆ. ಎಣ್ಣೆಗೆ ಬೆಲೆ ಬಂದ್ರೆ ಜನ ಮರ ಉಳಿಸ್ತಾರೆ ಅನ್ನೋ ನಂಬಿಕೆ ಮೇಲೆ ಎಷ್ಟೋ ಯೋಜನೆ ನಡೆದವು. 2011ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪಿಎನ್‌ಎಎಸ್ ಜರ್ನಲ್‌ನಲ್ಲಿ ಬಂದ ಅಧ್ಯಯನ ನೋಡಿದ್ರೆ ಕೆಲವು ಮನೆಗಳಿಗೆ ಲಾಭ ಆಗಿದೆ, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗೋದು ಜಾಸ್ತಿ ಆಗಿದೆ, ಆದ್ರೆ ಬಂದ ದುಡ್ಡಲ್ಲಿ ಜನ ಅದೇ ಮರ ಮೇಯೋ ಮೇಕೆ ಕೊಂಡ್ರು, ಕಾಡಿಗೆ ಮಾತ್ರ ಏನೂ ಸಿಗ್ಲಿಲ್ಲ. ಹಾಗಂತ ಎಲ್ಲಾ ತಪ್ಪನ್ನೂ ಮೇಕೆ ತಲೆಗೆ ಕಟ್ಟೋಕೂ ಆಗಲ್ಲ, ಯಾಕಂದ್ರೆ ಮರುವರ್ಷ ಬಂದ ಇನ್ನೊಂದು ಅಧ್ಯಯನ ಮೇಲಿಂದ ತೆಗೆದ ಹಳೇ ಚಿತ್ರ ಹೊಸ ಚಿತ್ರ ಹೋಲಿಸಿ 1970ರಿಂದ 2007ರ ನಡುವೆ ತಾವು ನೋಡಿದ ಜಾಗದಲ್ಲಿ ಮರಗಳ ದಟ್ಟಣೆ ಶೇ 44ರಷ್ಟು ಕಮ್ಮಿ ಆಗಿದೆ ಅಂತ ಹೇಳ್ತು, ಅದಕ್ಕೆ ಒಣಗ್ತಿರೋ ಹವಾಮಾನಾನೂ ಸೌದೆನೂ ಕಾರಣ ಅಂತು, ಊರಿನ ಹಿಂಡುಗಳ ಮೇವಿನ ಪ್ರಭಾವ ಅದಕ್ಕೆ ಕಾಣಲೇ ಇಲ್ಲ. ಇಬ್ರೂ ಸರಿಯಿರಬಹುದು, ಇಂಥ ಜಗಳ ಓದೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ.

ವಿಶ್ವಸಂಸ್ಥೆ 2021ರಿಂದ ಮೇ 10ನ್ನ ಆರ್ಗಾನ್ ದಿನ ಅಂತ ಮಾಡಿದೆ. ಆವತ್ತಿಗಾದ್ರೂ ಮರದ ಬಗ್ಗೆ ಒಂದು ಪುಟ ಕೊಡಿ, ಮತ್ತೆ ಆ ಹಿಕ್ಕೆ ಸಾಲಿಗೆ ತಿದ್ದುಪಡಿ ಹಾಕಿ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು