ಹೆಬ್ಬಾಳದಲ್ಲಿ ಒಬ್ಬರಾದ್ಮೇಲೆ ಒಬ್ಬರು ಹೋಗೋಣ

ಮಾನ್ಯರೇ, ಹೆಬ್ಬಾಳ ಫ್ಲೈಓವರ್‌ನಲ್ಲಿ ಏರ್‌ಪೋರ್ಟ್ ಕಡೆಯಿಂದ ಬರೋ ಗಾಡಿಗಳೂ ರಿಂಗ್ ರೋಡಿಂದ ಹತ್ತೋ ಗಾಡಿಗಳೂ ಮೇಖ್ರಿ ಸರ್ಕಲ್ ದಿಕ್ಕಿಗೆ ಸೇರ್ಕೊಳ್ಳೋ ಜಾಗ ಇದ್ಯಲ್ಲ, ಅಲ್ಲಿ ಬೆಳಗ್ಗೆ ಇಂಡಿಕೇಟರ್ ಹಾಕಿದ್ರೆ ಹಿಂದಿನವ್ರು ಜಾಗ ಬಿಡೋದಿರ್ಲಿ, ಇನ್ನೂ ರೇಸ್ ಮಾಡಿ ಮುಂದಿನ ಗಾಡಿ ಬಂಪರಿಗೆ ಅಂಟ್ಕೊಂಡ್ಬಿಡ್ತಾರೆ, ಬೈಕಿನವ್ರು ಸಂದಿಗೊಂದೀಲಿ ನುಗ್ತಾರೆ, ಕೊನೆಗೆ ಯಾರೂ ಮುಂದೆ ಹೋಗಲ್ಲ. ಮೊನ್ನೆ ಆಂಬುಲೆನ್ಸ್ ಸೈರನ್ ಹೊಡ್ಕೊಳ್ತಾನೇ ಇತ್ತು, ಒಬ್ರೂ ಅಲ್ಲಾಡ್ಲಿಲ್ಲ, ಒಳಗಿದ್ದವ್ರನ್ನ ನೆನೆಸ್ಕೊಂಡು ಹೊಟ್ಟೆ ಉರೀತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಆಂಬುಲೆನ್ಸಿಗೆ ದಾರಿ ಬಿಡದಿದ್ರೆ 10,000 ರೂಪಾಯಿ ದಂಡ ಇದೆ, ಹಾಕೋರ್ಯಾರು? ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಅಂತ ಬಿಟ್ಕೊಂಡು ಹೋದ್ರೆ ಸಾಲು ನಿಲ್ಲೋದೇ ಇಲ್ಲ. ಟ್ರಾಫಿಕ್ ಪೊಲೀಸ್ರು ಅಲ್ಲಿ ಹೀಗಂತ ಕನ್ನಡದಲ್ಲಿ ದೊಡ್ಡ ಬೋರ್ಡ್ ಹಾಕ್ಸಿ, ಬೆಳಗ್ಗೆ ಸಂಜೆ ಒಬ್ಬ ಸಿಬ್ಬಂದಿನಾದ್ರೂ ನಿಲ್ಲಿಸ್ಲಿ.

– ದಿನಾ ಓಡಾಡೋ ಓದುಗ, ಬೆಂಗಳೂರು