ಜರ್ಮನಿಗೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಮತ್ತೆ ಜಗಳವೇ, ಅದಕ್ಕೇ ಬರೆಯುತ್ತಿದ್ದೇನೆ. ಮಾಸ್ಟರ್ಸ್ ವಿಷಯ ಇನ್ನು ಎತ್ತುವುದಿಲ್ಲ. ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್ ಲೀಗಿಗೆ ಆಟಗಾರ್ತಿಯರನ್ನು ಆರಿಸುವ ಡ್ರಾಫ್ಟಿನಲ್ಲಿ ನಿನ್ನ ಹೆಸರು ಬರದಿದ್ದರೂ ಜರ್ಮನಿಯ ಕ್ಲಬ್ಬು ಕರೆದಿದೆ, ಹೋಗು. ನನಗೆ ಭಯ ಇರುವುದು ನಿನ್ನ ಕಾಲಿನ ಬಗ್ಗೆ.

2024ರ ಫೆಬ್ರುವರಿ ನೆನಪಿದೆಯಾ? ನೀನು ಕಾಲು ಉಳುಕಿ ಮನೆಗೆ ಬಂದಿದ್ದೆ. ಸೋಫಾ ಮೇಲೆ ಕಾಲು ಚಾಚಿ, ಐಸ್ ಚೀಲ ಜಾರದಂತೆ ಟವೆಲ್ ಕಟ್ಟಿಕೊಂಡು, ಅಯೋವಾ ವಿಶ್ವವಿದ್ಯಾಲಯದ ಪಂದ್ಯ ನೋಡುತ್ತಿದ್ದೆ. ಕೆಲ್ಸಿ ಪ್ಲಮ್ ಕಾಲೇಜಿನಲ್ಲಿ ಹೊಡೆದಿದ್ದ 3,527 ಪಾಯಿಂಟ್ ದಾಖಲೆ ದಾಟಲು ಅಯೋವಾದ ಕೇಟ್ಲಿನ್ ಕ್ಲಾರ್ಕ್‌ಗೆ ಎಂಟೇ ಪಾಯಿಂಟ್ ಬೇಕಿತ್ತು. ಎರಡೂಕಾಲು ನಿಮಿಷದೊಳಗೆ ಮುಗಿಸಿಬಿಟ್ಟಳು. ಕೊನೆಯದು ಎಲ್ಲೋ ಅಂಕಣದ ನಡುವಿನ ಲೋಗೋ ಹತ್ತಿರದಿಂದ ಎಸೆದಿದ್ದು. ನೀನು ಕೂಗಲಿಲ್ಲ. "ಅಮ್ಮಾ, ಡಿಫೆಂಡರ್ ಕಾಲು ನೋಡಿದ್ಯಾ?" ಅಂದೆ. ಇವಳು ಆಟ ಬಿಡುವವಳಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಹೆಮ್ಮೆಯೂ ಆಯಿತು, ಆದರೆ ಕಣ್ಣು ಮಾತ್ರ ನಿನ್ನ ಊದಿದ ಕಾಲಿನ ಮೇಲೇ ಇತ್ತು.

ಕ್ಲಾರ್ಕ್ ಕಾಲೇಜಿನಲ್ಲಿ ಒಟ್ಟು ಹೊಡೆದಿದ್ದು 3,951. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಗಂಡಸರೂ ಅಷ್ಟು ಹೊಡೆದಿಲ್ಲ. ಡ್ರಾಫ್ಟಿನಲ್ಲಿ ಮೊದಲ ಹೆಸರು ಅವಳದೇ. ಆದರೂ ಮೇ 14ರಂದು ಆ ಲೀಗಿನ ಇಂಡಿಯಾನಾ ಫೀವರ್ ತಂಡದ ಪರ ಮೊದಲ ಪಂದ್ಯದಲ್ಲಿ 20 ಪಾಯಿಂಟ್ ಹೊಡೆದು ಹತ್ತು ಸಲ ಬಾಲ್ ಕಳೆದುಕೊಂಡಳು. ಹತ್ತು ಸಲ! ಆದರೆ ಅದೇ ಸೀಸನ್ನಿನಲ್ಲಿ ಒಂದು ಪಂದ್ಯಕ್ಕೆ 19 ಅಸಿಸ್ಟ್, ಅಂದರೆ ಜೊತೆಯವರು ಪಾಯಿಂಟ್ ಹೊಡೆಯುವಂತೆ ಕೊಟ್ಟ ಪಾಸು; ಒಟ್ಟು 337 ಅಸಿಸ್ಟ್, ಎರಡೂ ಆಗ ಲೀಗಿನ ದಾಖಲೆ. ನೀನೂ ಅಷ್ಟೇ ಕಣೇ. ಅಲ್ಲಿ ನಿನ್ನ ಕಾಲೇಜಿನ ಪಾಯಿಂಟ್ ಯಾರೂ ಲೆಕ್ಕ ಹಾಕಲ್ಲ. ಬಾಲ್ ಬಿಟ್ಟುಕೊಡು. ಇಬ್ಬರು ಮೈಮೇಲೆ ಬಂದಾಗ ಮೂರನೆಯವಳು ಖಾಲಿ ಇರ್ತಾಳೆ, ಅಲ್ವಾ? ನೀನೇ ನನಗೆ ಹೇಳಿಕೊಟ್ಟಿದ್ದು.

ಮತ್ತೆ ಕಾಲಿನ ವಿಷಯಕ್ಕೇ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅಷ್ಟು ಗಟ್ಟಿ ಹುಡುಗಿಗೂ 2025ರಲ್ಲಿ ತೊಡೆಸಂದಿನ ನೋವು ಬಂದು 13 ಪಂದ್ಯಕ್ಕೇ ಸೀಸನ್ ಮುಗಿದುಹೋಯಿತು. ಅವಳ ಹಿಂದೆ ಇಡೀ ತಂಡದ ಡಾಕ್ಟರುಗಳಿದ್ದರು. ನಿನ್ನ ಹಿಂದೆ ಯಾರಿರ್ತಾರೆ? ನೋವಿದ್ದರೆ ಬಾಯಿಬಿಟ್ಟು ಹೇಳು. ಹೊಸಬಳು, ಕೂರಿಸಿಬಿಡ್ತಾರೆ ಎಂದು ಮುಚ್ಚಿಟ್ಟುಕೊಂಡು ಆಡಬೇಡ. ಆ ಉಳುಕನ್ನೂ ಎರಡು ದಿನ ಮುಚ್ಚಿಟ್ಟಿದ್ದೆಯಲ್ಲ, ನನಗೆ ಗೊತ್ತು. ರಾತ್ರಿ ಬೇಗ ಮಲಗು, ಸುಮ್ನೆ ಫೋನ್ ನೋಡುತ್ತಾ ಕೂರಬೇಡ. ಜಾಸ್ತಿ ಹೇಳಿದೆ, ಗೊತ್ತು.

ಸಹಿ ಹಾಕುವ ಮೊದಲು ಕಾಂಟ್ರಾಕ್ಟ್ ಅಪ್ಪನಿಗೆ ಕಳಿಸು. ಪೆಟ್ಟಾದರೆ ಆಪರೇಷನ್ ಖರ್ಚು ಯಾರದು, ಆಡದ ತಿಂಗಳಲ್ಲಿ ಸಂಬಳ ಕೊಡ್ತಾರಾ, ಎರಡನ್ನೂ ಬರವಣಿಗೆಯಲ್ಲಿ ಕೇಳು. ಭಾನುವಾರ ಫೋನ್ ಮಾಡು, ಜಗಳ ಆಡುವುದಿಲ್ಲ.

ಅಮ್ಮ