ಅಪರಾಧ ಸುದ್ದಿಗೂ ಬಹುವಚನ ಬೇಕು

ಮಾನ್ಯ ಸಂಪಾದಕರೇ,

ಕೂಲಿಕಾರರಿರಲಿ, ಕಳವಿನ ಆರೋಪಿಗಳಿರಲಿ, ಸುದ್ದಿಯಲ್ಲಿ ಎಲ್ಲರನ್ನೂ ಬಹುವಚನದಲ್ಲೇ ಬರೆಯಬೇಕು ಎಂಬ ಬೇಡಿಕೆಗೆ ಓದುಗರಿಂದ ಎರಡು ಬಗೆಯ ವಿರೋಧ ಬರುತ್ತಿದೆ. ಇದು ಇಂಗ್ಲಿಷ್ ಓದಿದವರ ಪೊಲಿಟಿಕಲ್ ಕರೆಕ್ಟ್‌ನೆಸ್, ಕನ್ನಡದ ಜಾಯಮಾನಕ್ಕೆ ಒಗ್ಗದು ಎಂಬುದು ಒಂದು. ಕೊಲೆ ಮಾಡಿದವನಿಗೂ ಮರ್ಯಾದೆ ಕೊಡಬೇಕೇ ಎಂಬುದು ಇನ್ನೊಂದು. ಮೊದಲನೆಯ ವಾದ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಹುರುಳಿದೆ, ಅದಕ್ಕೆ ಸುದ್ದಿ ತಿದ್ದುವ ಡೆಸ್ಕಿನಲ್ಲೇ ಪರಿಹಾರವೂ ಇದೆ.

ದೇವರನ್ನು, ತಾಯಿಯನ್ನು, ಪುರಾಣದ ರಾಮನನ್ನು, ಇತಿಹಾಸದ ಪುಲಕೇಶಿಯನ್ನು ನಾವು ಏಕವಚನದಲ್ಲೇ ಕರೆಯುತ್ತೇವೆ, ನಿಜ. ಧಾರವಾಡದ ಕಡೆ ‘ಬಾರಪಾ’ ಅಂದರೆ ಸಲಿಗೆಯೇ ಹೊರತು ತಿರಸ್ಕಾರವಲ್ಲ. ಅದನ್ನು ತಿದ್ದಿ ಎಂದು ಯಾರೂ ಕೇಳುತ್ತಿಲ್ಲ. ತಕರಾರಿರುವುದು ಒಂದೇ ಪುಟದಲ್ಲಿ ಇಬ್ಬರಿಗೆ ಎರಡು ವಚನ ಬಳಸುವ ರೂಢಿಗೆ. ಲೋಕಾಯುಕ್ತ ಬಲೆಗೆ ಬಿದ್ದ ಅಧಿಕಾರಿ ‘ಸಿಕ್ಕಿಬಿದ್ದಿದ್ದಾರೆ’, ಬೈಕ್ ಕದ್ದ ಆರೋಪ ಹೊತ್ತ ಕೂಲಿಯಾಳು ‘ಸಿಕ್ಕಿಬಿದ್ದಿದ್ದಾನೆ’. ಇಬ್ಬರ ಮೇಲೂ ಇರುವುದು ಆರೋಪ ಮಾತ್ರ, ತೀರ್ಪು ಬಂದಿಲ್ಲ. ದೂರು ಕೊಟ್ಟ ನಟಿ ‘ಹೇಳಿದ್ದಾರೆ’, ದೂರು ಕೊಟ್ಟ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ ‘ಹೇಳಿದ್ದಾಳೆ’. ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಪಿಯಲ್ಲಿ ಅಮೆರಿಕದ ಅಧ್ಯಕ್ಷರಿಗೂ ಬಿಹಾರದ ವಲಸೆ ಕಾರ್ಮಿಕರಿಗೂ ಸರ್ವನಾಮ ಒಂದೇ. ಕನ್ನಡಕ್ಕೆ ತರುವಾಗ ಒಬ್ಬರಿಗೆ ‘ದ್ದಾರೆ’, ಇನ್ನೊಬ್ಬರಿಗೆ ‘ದ್ದಾನೆ’ ಹಚ್ಚುವವರು ಉಪಸಂಪಾದಕರು. ಈ ಭೇದಕ್ಕೆ ಭಾಷೆಯನ್ನು ದೂರುವುದು ಸರಿಯಲ್ಲ.

ಏಕವಚನ ಹೆಚ್ಚಾಗಿ ಬರುವುದು ಠಾಣೆಯ ಪ್ರಕಟಣೆಯಿಂದ. ಕಾಯಂ ನೌಕರರಲ್ಲದ ಬಿಡಿ ಸುದ್ದಿಗಾರರು ಅದನ್ನೇ ಕಳುಹಿಸುತ್ತಾರೆ. ಡೆಸ್ಕಿನಲ್ಲಿ ಪುಟ ಕಟ್ಟುವ ಅವಸರಕ್ಕೆ ಇಂಟ್ರೊ, ಅಂದರೆ ಸುದ್ದಿಯ ಆರಂಭದ ಸಾಲು ಮಾತ್ರ ತಿದ್ದಿದರೆ ‘ಎಂಬಾತ ದೂರು ನೀಡಿದ್ದಾರೆ’ ಎಂಬಂಥ ವಾಕ್ಯ ಅಚ್ಚಾಗುತ್ತದೆ. ಕಂಪ್ಯೂಟರಿನಲ್ಲಿ ‘ಆತ’ ಹುಡುಕಿ ಒಟ್ಟಿಗೆ ಬದಲಿಸಲು ಹೋದರೆ ‘ಆತಂಕ’, ‘ಆತ್ಮಹತ್ಯೆ’ ಪದಗಳೂ ಕೆಡುತ್ತವೆ, ಕೊನೆಯ ಕ್ರಿಯಾಪದ ಮಾತ್ರ ‘ದ್ದಾನೆ’ ಆಗಿಯೇ ಉಳಿಯುತ್ತದೆ. ಕ್ರಿಯಾಪದದಿಂದ ಆರಂಭಿಸಿ ಹಿಂದಕ್ಕೆ ತಿದ್ದುತ್ತ ಬರುವುದೇ ಸರಿಯಾದ ದಾರಿ.

ಒಂದು ಮಾದರಿ ನೋಡಿ: ‘28 ವರ್ಷದ ಹೂವಿನ ವ್ಯಾಪಾರಿ ಎಂಬಾತನನ್ನು ಬಂಧಿಸಲಾಗಿದೆ. ಈತ ಹಗಲು ಹೂ ಮಾರಿ ರಾತ್ರಿ ಬೈಕ್ ಕದಿಯುತ್ತಿದ್ದ.’ ಎರಡನೆಯ ವಾಕ್ಯದ ತಪ್ಪು ವಚನಕ್ಕಷ್ಟೇ ಸೀಮಿತವಲ್ಲ. ಪೊಲೀಸರ ಆರೋಪವನ್ನು ಪತ್ರಿಕೆ ತನ್ನದೇ ಮಾತಿನಲ್ಲಿ ಸತ್ಯವೆಂದು ಹೇಳಿಬಿಟ್ಟಿದೆ. ಏಕವಚನ ಹಿಡಿದ ಕೂಡಲೇ ಕೈ ಇಂಥ ವಾಕ್ಯಕ್ಕೆ ಸಲೀಸಾಗಿ ಜಾರುತ್ತದೆ. ಹೀಗೆ ಬರೆಯಬಹುದು: ‘ಬೈಕ್ ಕಳವು ಆರೋಪದ ಮೇಲೆ 28 ವರ್ಷದ ಹೂವಿನ ವ್ಯಾಪಾರಿಯೊಬ್ಬರನ್ನು ಪೊಲೀಸರು ಬಂಧಿಸಿದ್ದಾರೆ. ಮೂರು ಬೈಕ್ ವಶಪಡಿಸಿಕೊಂಡಿರುವುದಾಗಿ ತಿಳಿಸಿದ್ದಾರೆ.’

ಇನ್ನು ಘೋರ ಅಪರಾಧದ ಮಾತು. ಮಗುವಿನ ಮೇಲೆ ಅತ್ಯಾಚಾರ ನಡೆದಿದೆ ಎಂಬ ಸುದ್ದಿಯಲ್ಲಿ ಆರೋಪಿ ‘ಬಂದರು, ಹೋದರು’ ಎಂದು ಓದಲು ಯಾರಿಗೂ ಸಂಕಟವಾಗುತ್ತದೆ. ಆ ಸಂಕಟ ನ್ಯಾಯವಾದದ್ದು. ಇಲ್ಲಿ ಆರೋಪಿಯನ್ನು ಕರ್ತೃಸ್ಥಾನದಿಂದ ಸರಿಸಿ ಬರೆಯಬೇಕು: ‘ಆರೋಪಿಯ ಬಂಧನ’, ‘ಆರೋಪಿಗಾಗಿ ಶೋಧ’, ‘ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಗಿದೆ’. ಕರ್ಮಣಿ ಪ್ರಯೋಗ ಅತಿಯಾದರೆ ಕನ್ನಡ ಒಣಗುತ್ತದೆ ಎಂಬುದು ಗೊತ್ತಿದ್ದೇ ಈ ಮಾತು. ಇಂಥ ಕೆಲವು ಸುದ್ದಿಗಳಿಗೆ ಮಾತ್ರ ಅದನ್ನು ಮೀಸಲಿಡಿ.

ಬಹುವಚನದಲ್ಲಿ ಒಂದು ನಿಜವಾದ ತೊಡಕಿದೆ. ‘ಆತ’, ‘ಆಕೆ’ ಇದ್ದಾಗ ಯಾರು ಯಾರಿಗೆ ಹೊಡೆದರು ಎಂಬುದು ತಟ್ಟನೆ ತಿಳಿಯುತ್ತದೆ, ‘ಅವರು ಅವರಿಗೆ ಹೊಡೆದರು’ ಎಂದಾಗ ಏನೂ ತಿಳಿಯದು. ಒಬ್ಬರೋ ಹಲವರೋ ಎಂಬ ಗೊಂದಲ ಬೇರೆ. ಸರ್ವನಾಮ ಬಿಟ್ಟು ದೂರುದಾರರು, ಪತಿ, ಚಾಲಕ ಎಂದೋ ಹೆಸರನ್ನೋ ಮತ್ತೆ ಬರೆಯಿರಿ. ಸಿಂಗಲ್ ಕಾಲಂನಲ್ಲಿ ಒಂದು ಸಾಲು ಹೆಚ್ಚಾಗಬಹುದು, ಆಗಲಿ.

18 ತುಂಬದವರಿಗೆ ಏಕವಚನ ಇದ್ದುಕೊಳ್ಳಲಿ. ಪರೀಕ್ಷೆಯಲ್ಲಿ ಗೆದ್ದ ಬಾಲಕಿಗೆ ‘ಗಳಿಸಿದ್ದಾಳೆ’ ಎಂಬುದೇ ಹಿತ. ಉಲ್ಲೇಖ ಚಿಹ್ನೆಯ ಒಳಗಿನ ಮಾತನ್ನು ಮಾತ್ರ ಮುಟ್ಟಬಾರದು. ರಾಜಕಾರಣಿಯೊಬ್ಬರು ಎದುರಾಳಿಯನ್ನು ‘ಅವನು’ ಎಂದಿದ್ದರೆ ‘ಅವನು’ ಎಂದೇ ಅಚ್ಚಾಗಬೇಕು. ಅದನ್ನು ‘ಅವರು’ ಮಾಡಿದರೆ ಮಾತಾಡಿದವರ ಒರಟುತನವನ್ನು ಪತ್ರಿಕೆಯೇ ಮುಚ್ಚಿಟ್ಟಂತಾಗುತ್ತದೆ.

ಇದು ಇಂಗ್ಲಿಷಿನವರ ಗೀಳು ಎನ್ನುವವರು ಪಕ್ಕದ ಕೇರಳವನ್ನು ನೋಡಲಿ. ಪೊಲೀಸರು ಜನರನ್ನು ‘ಎಡಾ’, ‘ಎಡೀ’ (ನಮ್ಮ ‘ಲೋ’, ‘ಲೇ’ ಇದ್ದಂತೆ) ಎನ್ನುವುದನ್ನು ನಿಲ್ಲಿಸಲು ಸುತ್ತೋಲೆ ಹೊರಡಿಸಿ ಎಂದು ಅಲ್ಲಿನ ಹೈಕೋರ್ಟ್ 2021ರಲ್ಲಿ ಹೇಳಿತು. ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಪಂಚಾಯಿತಿ ತನ್ನ ಕಚೇರಿಯಲ್ಲಿ ‘ಸರ್’, ‘ಮೇಡಂ’ ಎನ್ನಬೇಕಿಲ್ಲ ಎಂದು ನಿರ್ಣಯಿಸಿತು. ಕೆಳಗಿನವರಿಗೆ ಸಿಗದಿದ್ದ ಮರ್ಯಾದೆ ಸಿಗಲಿ, ಮೇಲಿನವರಿಗೆ ಸಲ್ಲುವ ಅತಿ ವಿನಯ ಇಳಿಯಲಿ ಎಂಬ ಈ ಎರಡೂ ಯತ್ನಗಳು ಮಲಯಾಳಂ ಮಾತಾಡುವ ಜನರ ನಡುವೆಯೇ ಹುಟ್ಟಿದವು.

‘18 ದಾಟಿದ ಎಲ್ಲರಿಗೂ ಬಹುವಚನ, ಆರೋಪಿಗಳಿಗೂ’ ಎಂಬ ಒಂದು ಸಾಲನ್ನು ತಮ್ಮ ಶೈಲಿ ಕೈಪಿಡಿಯಲ್ಲಿ ಸೇರಿಸಿ, ಜಿಲ್ಲಾ ವರದಿಗಾರರಿಗೂ ಬಿಡಿ ಸುದ್ದಿಗಾರರಿಗೂ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಜೊತೆಗೆ, ಬಂಧನದ ಸುದ್ದಿಯಲ್ಲಿ ಹೆಸರು ಹಾಕಿದವರು ಮುಂದೆ ಖುಲಾಸೆಯಾದರೆ ಆ ಸುದ್ದಿಯೂ ಅದೇ ಪುಟದಲ್ಲಿ, ಅಷ್ಟೇ ಕಾಲಂ ಅಗಲದಲ್ಲಿ ಬರುವಂತಾಗಲಿ.

– ನಿವೃತ್ತ ಉಪಸಂಪಾದಕರು, ಧಾರವಾಡ